ಜನರೇಟರ್ ಬ್ಯಾಟರಿ ಬದಲಿಸುವಾಗ ಮೊದಲು ಸುಮ್ಮನಿರಿಸಬೇಕಾದದ್ದು ಜನರೇಟರನ್ನು

ಪ್ರಶ್ನೆ: ನಾಪೋಕ್ಲು ಸಮೀಪದ ತೋಟದ ಮನೆಯಲ್ಲಿ ನಾನು ಮತ್ತು ವಯಸ್ಸಾದ ನನ್ನ ತಾಯಿ ಇದ್ದೇವೆ. ಕರೆಂಟು ಹೋದೊಡನೆ ತಾನಾಗಿಯೇ ಚಾಲೂ ಆಗುವ 15 ಕೆವಿಎ ಡೀಸೆಲ್ ಜನರೇಟರ್ ಇದೆ. ಅದರ ಬ್ಯಾಟರಿಗೆ ನಾಲ್ಕು ವರ್ಷ ತುಂಬುತ್ತಾ ಬಂತು. ಕಳೆದ ವಾರದ ಗಾಳಿಮಳೆಗೆ ಮರ ಬಿದ್ದು ಲೈನು ಹೋದಾಗ ಸೆಲ್ಫ್ ‘ಟಕ್ ಟಕ್’ ಎಂದಿತೇ ಹೊರತು ಎಂಜಿನ್ ತಿರುಗಲಿಲ್ಲ. ಮೆಕ್ಯಾನಿಕ್ ಬರಲು ಇನ್ನೂ ನಾಲ್ಕೈದು ದಿನವಾಗಬಹುದು. ಬ್ಯಾಟರಿಯನ್ನು ನಾನೇ ಬದಲಿಸಬಹುದೇ? ಸದ್ಯಕ್ಕೆ ಇನ್ವರ್ಟರಿನ ಬ್ಯಾಟರಿಯನ್ನೋ ಪಕ್ಕದ ಮನೆಯವರ ಪಿಕಪ್‌ನ ಬ್ಯಾಟರಿಯನ್ನೋ ಹಾಕಿದರೆ ನಡೆಯುತ್ತದೆಯೇ? ತೆಗೆದ ಹಳೆಯದನ್ನು ತೋಟದ ಸೋಲಾರ್ ಬೇಲಿಗೆ ಉಪಯೋಗಿಸಬಹುದೇ?

ಉತ್ತರ: ಬದಲಿಸಬಹುದು. ಸ್ಪ್ಯಾನರ್ ಹಿಡಿದು ಅಭ್ಯಾಸವಿರುವ, ಇಪ್ಪತ್ತು ಇಪ್ಪತ್ತೈದು ಕಿಲೋ ಭಾರವನ್ನು ಬಗ್ಗಿ ಎತ್ತಬಲ್ಲ ಯಾರಿಗಾದರೂ ಇದು ಒಂದು ಗಂಟೆಯೊಳಗೆ ಮುಗಿಯುವ ಕೆಲಸ. ಆದರೆ ಅದರಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಲು ಹಿಡಿಯುವುದು ಹತ್ತು ಹದಿನೈದು ನಿಮಿಷ ಮಾತ್ರ. ಉಳಿದ ಹೊತ್ತೆಲ್ಲ ಜನರೇಟರನ್ನು ಸುಮ್ಮನಿರಿಸುವುದಕ್ಕೆ ಮತ್ತು ಕೊನೆಗೆ ಪರೀಕ್ಷಿಸುವುದಕ್ಕೆ ಹೋಗಬೇಕು. ನಾನು ಕಂಡ ಅವಘಡಗಳು ಈ ಭಾಗವನ್ನು ಅವಸರದಲ್ಲಿ ಬಿಟ್ಟವರಿಗೆ ಆದಂಥವು. ಕಾರಿನ ಬ್ಯಾಟರಿ ಬದಲಿಸಿ ರೂಢಿಯಿರುವವರೇ ಇಲ್ಲಿ ಹೆಚ್ಚಾಗಿ ಎಡವುತ್ತಾರೆ, ಏಕೆಂದರೆ ಕೀಲಿ ಜೇಬಿನಲ್ಲಿದ್ದರೆ ಕಾರು ತನ್ನಷ್ಟಕ್ಕೆ ಚಾಲೂ ಆಗುವುದಿಲ್ಲ. ನಿಮ್ಮ ಮನೆಯ ಜನರೇಟರ್ ಆಗುತ್ತದೆ.

ಹೊಸ ಬ್ಯಾಟರಿಗೆ ದುಡ್ಡು ಹಾಕುವ ಮೊದಲು, ಕೆಟ್ಟಿರುವುದು ಬ್ಯಾಟರಿಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಾಲ್ಕು ವರ್ಷವಾದ ಬ್ಯಾಟರಿಯ ಮೇಲೆ ಅನುಮಾನ ಹೋಗುವುದು ಸಹಜವಾದರೂ ‘ಟಕ್ ಟಕ್’ ಸದ್ದಿಗೆ ಬೇರೆ ಕಾರಣಗಳೂ ಇವೆ, ಮತ್ತು ಅವುಗಳನ್ನು ಸರಿಪಡಿಸದೆ ಹಾಕಿದ ಹೊಸ ಬ್ಯಾಟರಿ ಮುಂದಿನ ಮಳೆಗಾಲ ಕಾಣುವುದಿಲ್ಲ. ಇದಕ್ಕೆ ಸಾಧಾರಣ ಮಲ್ಟಿಮೀಟರ್ ಒಂದು ಸಾಕು. ಲೈನಿನಲ್ಲಿ ಕರೆಂಟು ಇರುವಾಗ, ಜನರೇಟರ್ ನಿಂತಿರುವಾಗ, ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆಯಿರಿ. ಪ್ಯಾನೆಲ್ಲಿನೊಳಗಿನ ಚಾರ್ಜರ್ ಸರಿಯಾಗಿದ್ದರೆ 13.2ರಿಂದ 13.8 ವೋಲ್ಟ್‌ವರೆಗೆ ತೋರಿಸಬೇಕು. ಅಲ್ಲಿಯೇ 12 ವೋಲ್ಟಿನ ಆಸುಪಾಸು ನಿಂತಿದ್ದರೆ ಚಾರ್ಜರ್ ಸತ್ತಿರಬಹುದು, ಇಲ್ಲವೇ ಅದರ ಫ್ಯೂಸ್ ಹೋಗಿರಬಹುದು ಅಥವಾ ಯಾರೋ ಅದರ ಎಂಸಿಬಿಯನ್ನು ಕೆಳಗಿಳಿಸಿ ಮರೆತಿರಬಹುದು. ಚಾರ್ಜ್ ಸಿಗದೆ ಹೋದರೂ ಜನರೇಟರಿನ ಕಂಟ್ರೋಲರ್, ಅಂದರೆ ಅದನ್ನು ತಾನಾಗಿ ಚಾಲೂ ಮಾಡುವ ಎಲೆಕ್ಟ್ರಾನಿಕ್ ಸಾಧನ, ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ಕರೆಂಟು ಹೀರುತ್ತಲೇ ಇರುತ್ತದೆ. ಅಂಥ ಕಡೆ ಎಷ್ಟು ಒಳ್ಳೆಯ ಬ್ಯಾಟರಿಯಾದರೂ ಕೆಲವೇ ವಾರಗಳಲ್ಲಿ ಬಸವಳಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ 15 ವೋಲ್ಟಿನ ಹತ್ತಿರ ಸದಾ ನಿಂತಿದ್ದರೆ ಚಾರ್ಜರ್ ಬ್ಯಾಟರಿಯ ನೀರನ್ನು ಕುದಿಸಿ ಇಂಗಿಸುತ್ತಿದೆ ಎಂದು ತಿಳಿಯಿರಿ.

ಆಮೇಲೆ ಚಾರ್ಜರ್ ಆರಿಸಿ, ಒಂದೆರಡು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸುತ್ತದೆ, 12.2 ಎಂದರೆ ಅರ್ಧಕ್ಕಿಳಿದಿದೆ. 12ಕ್ಕಿಂತ ಕೆಳಗೆ ಬಹುಪಾಲು ಖಾಲಿ. ಚಾರ್ಜ್ ಆದ ನಂತರವೂ ಹತ್ತೂವರೆಯ ಬಳಿ ಕುಳಿತಿದ್ದರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ, ಅದಕ್ಕೆ ಮದ್ದಿಲ್ಲ. ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಮನೆಯವರೊಬ್ಬರು ಮ್ಯಾನುಯಲ್‌ನಲ್ಲಿ ಸ್ಟಾರ್ಟ್ ಒತ್ತಲಿ. ನೀವು ಫ್ಯಾನ್ ಬೆಲ್ಟಿನಿಂದ ದೂರ ನಿಂತು ಮೀಟರ್ ನೋಡಿ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಹೋಗಿದೆ ಎಂದೇ ಅರ್ಥ. ಆದರೆ ‘ಟಕ್’ ಎಂದಾಗಲೂ 12ರ ಮೇಲೆಯೇ ನಿಂತಿದ್ದರೆ ತಪ್ಪು ಬ್ಯಾಟರಿಯದಲ್ಲ. ತುಕ್ಕು ಹಿಡಿದ ಟರ್ಮಿನಲ್, ಸಡಿಲವಾದ ಅರ್ತ್ ಕೇಬಲ್ ಅಥವಾ ಸೆಲ್ಫ್ ಮೋಟಾರಿನ ಸೊಲೆನಾಯ್ಡ್‌ನಲ್ಲಿ ಹುಡುಕಬೇಕು. ಕೊಡಗಿನಲ್ಲಿ ಈ ಎರಡನೆಯ ಬಗೆ ಬಹಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಹವೆಯಲ್ಲಿ ಪ್ಲಸ್ ಟರ್ಮಿನಲ್ಲಿನ ಮೇಲೆ ಹೂಕೋಸಿನಂತೆ ಬಿಳಿ-ಹಸಿರು ಪುಡಿ ಅರಳಿ ನಿಂತಿರುತ್ತದೆ. ಅದನ್ನು ತೆಗೆದು ನೋಡಿದರೆ ಒಳಗೆ ಲಗ್ಗಿಗೂ (ಕೇಬಲ್ ತುದಿಯ ಲೋಹದ ಹಿಡಿ) ಬ್ಯಾಟರಿಯ ಸೀಸದ ಕಂಬಕ್ಕೂ ನಡುವೆ ಕಾಗದದಷ್ಟು ತೆಳ್ಳನೆಯ ಬೂದು ಪದರ ಸಿಗುತ್ತದೆ. ಮನೆಯ ಬಲ್ಬ್ ಉರಿಸಲು ಅಷ್ಟು ಸಂಪರ್ಕ ಸಾಕಾದೀತು, ನೂರಾರು ಆಂಪಿಯರ್ ಬೇಡುವ ಸೆಲ್ಫ್ ಮೋಟಾರಿಗೆ ಸಾಲದು.

ಬ್ಯಾಟರಿಯೇ ಹೋಗಿದೆ ಎಂದು ಗೊತ್ತಾಯಿತೆನ್ನಿ. ಆಗ ಕೊಳ್ಳುವ ವಿಚಾರ. ಹಳೆಯದರ ಮೇಲಿನ ಚೀಟಿಯನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಹೋಗಿ: ವೋಲ್ಟ್, ಆಂಪಿಯರ್-ಅವರ್, ಉದ್ದ ಅಗಲ, ಮತ್ತು ಮುಖ್ಯವಾಗಿ ಪ್ಲಸ್ ಯಾವ ಬದಿಗಿದೆ ಎಂಬುದು. ಒಂದೇ ಅಳತೆಯ ಬ್ಯಾಟರಿ ಎಡ ಪ್ಲಸ್, ಬಲ ಪ್ಲಸ್ ಎಂದು ಎರಡು ಬಗೆಯಲ್ಲಿ ಬರುತ್ತದೆ. ತಪ್ಪು ಬಗೆಯದನ್ನು ತಂದರೆ ಕೇಬಲ್ ಎಟುಕುವುದಿಲ್ಲ. ಆಗ ಎಳೆದು, ತಿರುಚಿ, ಒಂದರ ಮೇಲೊಂದು ದಾಟಿಸಿ ಸೇರಿಸುವ ಸಾಹಸಕ್ಕೆ ಜನ ಇಳಿಯುತ್ತಾರೆ. ಪ್ಲಸ್ಸು ಮೈನಸ್ಸು ಅದಲು ಬದಲಾದರೆ ಒಂದು ಕ್ಷಣದಲ್ಲಿ ಚಾರ್ಜಿಂಗ್ ಆಲ್ಟರ್ನೇಟರಿನ ಡಯೋಡ್, ಚಾರ್ಜರ್, ಕಂಟ್ರೋಲರ್ ಮೂರೂ ಸುಡಬಹುದು, ಮತ್ತು ಕಂಟ್ರೋಲರ್ ಒಂದರ ಬೆಲೆಯೇ ಬ್ಯಾಟರಿಯ ಬೆಲೆಯನ್ನು ಮೀರಬಹುದು. ಅಂಗಡಿಯಲ್ಲಿಯೇ ತಯಾರಿಕೆಯ ತಿಂಗಳು ನೋಡಿ, ಮೀಟರ್ ಇಟ್ಟು 12.5 ವೋಲ್ಟ್‌ಗೆ ಕಡಿಮೆಯಿದ್ದರೆ ಬೇರೆ ಕೇಳಿ ಅಥವಾ ಚಾರ್ಜ್ ಮಾಡಿ ಕೊಡಲು ಹೇಳಿ. ವಾರಂಟಿ ಚೀಟಿಯಲ್ಲಿ ತಾರೀಖು ಬರೆಸಿ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಇನ್ವರ್ಟರಿನ ಬ್ಯಾಟರಿ ಬೇಡ. ಅದು 150 ಆಂಪಿಯರ್-ಅವರ್ ಇದೆ, ಇದಕ್ಕಿಂತ ದೊಡ್ಡದಲ್ಲವೇ ಎಂಬ ವಾದ ಕೇಳಲು ಚೆನ್ನಾಗಿರುತ್ತದೆ. ಆದರೆ ಇನ್ವರ್ಟರಿಗೆ ಹಾಕುವ ಟ್ಯೂಬ್ಯುಲರ್ ಬ್ಯಾಟರಿಯ ಒಳಗಿನ ಪ್ಲೇಟುಗಳು ದಪ್ಪ. ಗಂಟೆಗಟ್ಟಲೆ ನಿಧಾನವಾಗಿ ಕರೆಂಟು ಕೊಡುವುದಕ್ಕೆಂದು ಮಾಡಿದವು. ಎಂಜಿನ್ ತಿರುಗಿಸುವ ಬ್ಯಾಟರಿಯಲ್ಲಿ ತೆಳ್ಳನೆಯ ಪ್ಲೇಟುಗಳು ಹೆಚ್ಚು ಸಂಖ್ಯೆಯಲ್ಲಿದ್ದು, ಕೆಲವೇ ಸೆಕೆಂಡುಗಳಲ್ಲಿ ಭಾರಿ ಕರೆಂಟನ್ನು ಒಮ್ಮೆಲೇ ಸುರಿಯುತ್ತವೆ. ಎರಡೂ ಸೀಸದವೇ, ಎರಡೂ 12 ವೋಲ್ಟಿನವೇ, ಆದರೆ ಕೆಲಸ ಬೇರೆ. ಒಮ್ಮೊಮ್ಮೆ ಇನ್ವರ್ಟರ್ ಬ್ಯಾಟರಿಯಿಂದಲೂ ಎಂಜಿನ್ ತಿರುಗೀತು, ಹಾಗೆ ತಿರುಗಿತೆಂದು ಅದನ್ನು ನೆಚ್ಚಿ ಕೂರುವಂತಿಲ್ಲ. ಪಿಕಪ್‌ನ ಬ್ಯಾಟರಿ 12 ವೋಲ್ಟಿನದಾಗಿದ್ದು, ಟ್ರೇಯಲ್ಲಿ ಕೂತು, ಬದಿಯೂ ಹೊಂದಿದರೆ ತಾತ್ಕಾಲಿಕವಾಗಿ ನಡೆಯುತ್ತದೆ. ಲಾರಿಯದು ಮಾತ್ರ ಬೇಡವೇ ಬೇಡ. ಅವು 24 ವೋಲ್ಟಿನ ವ್ಯವಸ್ಥೆಯವು. ಕೇಬಲ್ ಹಾಕಿ ಪಿಕಪ್‌ನಿಂದ ಎಬ್ಬಿಸುವುದಾದರೆ ಮೊದಲು ಕಂಟ್ರೋಲರನ್ನು ಆಫ್‌ನಲ್ಲಿಡಿ, ಪ್ಲಸ್ಸಿಗೆ ಪ್ಲಸ್ ಸೇರಿಸಿ, ಪಿಕಪ್‌ನ ಮೈನಸ್ಸಿಗೆ ಹಾಕಿದ ಕೇಬಲ್ಲಿನ ಇನ್ನೊಂದು ತುದಿಯನ್ನು ಕೊಟ್ಟಕೊನೆಗೆ, ಬ್ಯಾಟರಿಯಿಂದ ದೂರದಲ್ಲಿ, ಜನರೇಟರ್ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣದ ಭಾಗಕ್ಕೆ ಹಾಕಿ. ಕೊನೆಯ ಸಂಪರ್ಕದಲ್ಲಿ ಕಿಡಿ ಹಾರುತ್ತದೆ, ಆ ಕಿಡಿ ಬ್ಯಾಟರಿಯ ಮೂತಿಯ ಹತ್ತಿರ ಹಾರಬಾರದು ಎಂಬುದೇ ಇದರ ಉದ್ದೇಶ.

ಈಗ ಸುಮ್ಮನಿರಿಸುವ ಕೆಲಸ. ಮಳೆ ಬಿಟ್ಟ ಹಗಲು ಹೊತ್ತನ್ನು ಆರಿಸಿಕೊಳ್ಳಿ. ಶೆಡ್ಡಿನ ನೆಲ ಒಣಗಿರಲಿ. ಕಂಟ್ರೋಲರನ್ನು ‘ಆಟೋ’ದಿಂದ ‘ಆಫ್’ ಅಥವಾ ‘ಸ್ಟಾಪ್’ಗೆ ತನ್ನಿ. ಎಮರ್ಜೆನ್ಸಿ ಸ್ಟಾಪ್‌ನ ಕೆಂಪು ಗುಂಡಿಯನ್ನೂ ಒತ್ತಿಡಿ. ಇವೆರಡರಲ್ಲಿ ಒಂದೇ ಸಾಕಲ್ಲವೇ ಎಂದರೆ, ನಿಮ್ಮ ಕೈ ಬೆಲ್ಟಿನ ಪಕ್ಕದಲ್ಲಿರುವಾಗ ಊರಿನ ಲೈನು ಹೋಗಿ ಎಂಜಿನ್ ತಾನಾಗಿ ಎದ್ದೀತು, ಮತ್ತು ಯಾರೋ ಒಳಗಿನಿಂದ ಬಂದು ‘ಆಫ್ ಆಗಿದೆಯಲ್ಲ’ ಎಂದು ಸ್ವಿಚ್ ತಿರುಗಿಸುವುದೂ ಉಂಟು. ಆದ್ದರಿಂದ ನಿಮ್ಮ ತಾಯಿಗೂ ಕೆಲಸದವರಿಗೂ ಹೇಳಿ, ಪ್ಯಾನೆಲ್ಲಿನ ಮೇಲೆ ‘ಮುಟ್ಟಬೇಡಿ’ ಎಂದು ಒಂದು ರಟ್ಟು ತೂಗುಹಾಕಿ. ನಂತರ ಜನರೇಟರಿನ ಔಟ್‌ಪುಟ್ ಬ್ರೇಕರನ್ನು ಇಳಿಸಿ.

ಇನ್ನೂ ಮುಗಿಯಲಿಲ್ಲ. ಎಂಜಿನ್ ನಿಂತಿದ್ದರೂ ಬ್ಯಾಟರಿ ಚಾರ್ಜರಿಗೆ ಮನೆಯ ಲೈನಿನಿಂದ 230 ವೋಲ್ಟ್ ಬರುತ್ತಲೇ ಇರುತ್ತದೆ. ಸ್ವತಃ ಬ್ಯಾಟರಿಯ 12 ವೋಲ್ಟ್ ನಿಮಗೆ ಶಾಕ್ ಕೊಡುವುದಿಲ್ಲ, ಆದರೆ ಆ ಪ್ಯಾನೆಲ್ಲಿನೊಳಗಿನ 230 ವೋಲ್ಟ್ ಪ್ರಾಣ ತೆಗೆಯಬಲ್ಲದು. ಚಾರ್ಜರಿನ ಎಂಸಿಬಿಯನ್ನು ಇಳಿಸಿ, ಗುರುತು ಸಿಗದಿದ್ದರೆ ಪ್ಯಾನೆಲ್ಲಿಗೆ ಬರುವ ಮುಖ್ಯ ಬ್ರೇಕರನ್ನೇ ಇಳಿಸಿ. ಇಳಿದಿದೆ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಮೀಟರನ್ನು ಬ್ಯಾಟರಿಗೆ ಹಿಡಿಯಿರಿ: ಚಾರ್ಜರ್ ಕೆಲಸ ಮಾಡುತ್ತಿದ್ದರೆ 13.5ರಂತೆ ತೋರುತ್ತಿದ್ದದ್ದು ನಿಧಾನವಾಗಿ ಹನ್ನೆರಡರ ಕಡೆಗೆ ಇಳಿಯತೊಡಗುತ್ತದೆ. ಬಾಗಿಲುಗಳನ್ನು ತೆರೆದು ಹದಿನೈದು ನಿಮಿಷ ಗಾಳಿಯಾಡಲು ಬಿಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಅದು ಹೊತ್ತಿಕೊಳ್ಳಬಲ್ಲದು, ಅದಕ್ಕೆ ವಾಸನೆಯೂ ಇಲ್ಲ. ಸದ್ದು ಹೊರಬಾರದಂತೆ ಮುಚ್ಚಿದ ಕ್ಯಾನೊಪಿಯ ಮೂಲೆಯಲ್ಲಿ ಅದು ನಿಲ್ಲುತ್ತದೆ. ಬೀಡಿ, ಲೈಟರ್, ಮೇಣದ ಬತ್ತಿ ಹತ್ತಿರ ಬರಬಾರದು; ಟಾರ್ಚ್ ಬಳಸಿ. ಕ್ಯಾನೊಪಿ ತೆರೆದಾಗ ಕೈ ಹಾಕುವ ಮೊದಲು ಟಾರ್ಚ್ ಬಿಡುವುದಕ್ಕೆ ಇನ್ನೊಂದು ಕಾರಣವೂ ಇದೆ: ಮಳೆಗಾಲದಲ್ಲಿ ಬೆಚ್ಚಗಿರುವ ಒಣ ಜಾಗವೆಂದು ಇಲಿ ಸೇರಿಕೊಳ್ಳುತ್ತದೆ, ಇಲಿಯ ಹಿಂದೆ ಹಾವೂ ಬರುತ್ತದೆ.

ಉಂಗುರ, ಗಡಿಯಾರ, ಕೈಬಳೆ, ಕತ್ತಿನ ಸರ ಎಲ್ಲವನ್ನೂ ಒಳಗೆ ಇಟ್ಟು ಬನ್ನಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಪಕ್ಕದಲ್ಲಿ ಒಂದು ಬಕೆಟ್ ಚೊಕ್ಕ ನೀರು ಇರಲಿ. ಆಸಿಡ್ ಚರ್ಮಕ್ಕೆ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಸಿಡಿದರೆ ಕನಿಷ್ಠ ಹದಿನೈದು ಇಪ್ಪತ್ತು ನಿಮಿಷ ರೆಪ್ಪೆ ಬಿಡಿಸಿ ನೀರು ಹರಿಸಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಅಡುಗೆ ಸೋಡಾ ಲೋಹದ ಟ್ರೇ ತೊಳೆಯಲು ಇರಲಿ, ಕಣ್ಣಿಗೆ ಹಾಕಬೇಡಿ.

ಕೇಬಲ್ ಬಿಚ್ಚುವಾಗ ಮೈನಸ್ ಮೊದಲು, ಪ್ಲಸ್ ಆಮೇಲೆ. ಕೂರಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಇದನ್ನು ಮಂತ್ರದಂತೆ ಬಾಯಿಪಾಠ ಮಾಡಿಸುವವರು ಬಹಳ, ಏಕೆಂದು ಹೇಳುವವರು ಕಡಿಮೆ. ನಿಮ್ಮ ಜನರೇಟರಿನ ಕಬ್ಬಿಣದ ಮೈಯೆಲ್ಲವೂ ಬ್ಯಾಟರಿಯ ಮೈನಸ್ಸಿಗೆ ಸೇರಿದೆ. ಮೈನಸ್ ಕೇಬಲ್ ಇನ್ನೂ ಬಿಗಿದಿರುವಾಗ ಪ್ಲಸ್ ನಟ್ಟನ್ನು ಬಿಚ್ಚಲು ಹೊರಟರೆ, ಸ್ಪ್ಯಾನರಿನ ಒಂದು ತುದಿ ಪ್ಲಸ್‌ನಲ್ಲಿದ್ದು ಇನ್ನೊಂದು ತುದಿ ಎಲ್ಲಿಗೇ ತಗುಲಿದರೂ ಪೂರ್ತಿ ಶಾರ್ಟ್. ಮೈನಸ್ಸನ್ನು ಮೊದಲೇ ಬಿಚ್ಚಿ ಪಕ್ಕಕ್ಕಿಟ್ಟಿದ್ದರೆ, ಅದೇ ಸ್ಪ್ಯಾನರ್ ಮೈಗೆ ತಗುಲಿದರೂ ಏನೂ ಆಗುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ 13ರ ಒಂದು ಸ್ಪ್ಯಾನರ್ ಇದೆ. ಅದರ ನಡುಭಾಗದಲ್ಲಿ ಮೊಂಡು ಹಲ್ಲು ಕಚ್ಚಿದಂತೆ ಒಂದು ಕುಳಿ, ಸುತ್ತ ನೀಲಿ ಬಣ್ಣ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಸೋಮವಾರಪೇಟೆ ಕಡೆಯ ಒಂದು ತೋಟದಲ್ಲಿ, ಸಂಜೆಗೆ ಬಸ್ಸು ತಪ್ಪುತ್ತದೆ ಎಂಬ ಅವಸರದಲ್ಲಿ ನಾನು ಪ್ಲಸ್ಸಿಗೆ ಮೊದಲು ಕೈ ಹಾಕಿದ್ದೆ. ಕಣ್ಣು ಕುಕ್ಕುವ ಬೆಳಕು, ಗುಂಡು ಹೊಡೆದಂಥ ಸದ್ದು, ಸ್ಪ್ಯಾನರ್ ಅರೆಕ್ಷಣ ಅಲ್ಲೇ ಬೆಸೆದುಕೊಂಡು ಬಿತ್ತು. ಗ್ಲೌಸ್ ಇದ್ದದ್ದರಿಂದ ಅಂಗೈ ಉಳಿಯಿತು. ಅಂದಿನಿಂದ ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತದೆ ನಾನು ಬ್ಯಾಟರಿ ಮುಟ್ಟಿಲ್ಲ.

ಬಿಚ್ಚಿದ ಕೇಬಲ್ಲಿನ ತುದಿಗಳನ್ನು ಬಟ್ಟೆಯಲ್ಲಿ ಸುತ್ತಿ, ತಾವಾಗಿ ಹಿಂದಕ್ಕೆ ಚಿಮ್ಮದಂತೆ ಕಟ್ಟಿಡಿ. ಮೇಲಿನ ಪಟ್ಟಿಯನ್ನು ಸಡಿಲಿಸಿ ಬ್ಯಾಟರಿಯನ್ನು ನೆಟ್ಟಗೆ ಎತ್ತಿ. ಓರೆಯಾದರೆ ಮುಚ್ಚಳದಿಂದ ಆಸಿಡ್ ಜಿನುಗುತ್ತದೆ. ಟ್ರೇಗೆ ಅಡುಗೆ ಸೋಡಾ ಕದಡಿದ ನೀರು ಹಾಕಿ, ನೊರೆ ನಿಂತ ಮೇಲೆ ತೊಳೆದು ಪೂರ್ತಿ ಒರೆಸಿ. ಲಗ್ಗುಗಳ ಒಳಮೈಯನ್ನು ತಂತಿ ಬ್ರಷ್‌ನಿಂದ ಸೀಸದ ಹೊಳಪು ಕಾಣುವವರೆಗೆ ಉಜ್ಜಿ. ಕೇಬಲ್ಲಿನ ರಬ್ಬರ್ ಹೊದಿಕೆಯ ಕೆಳಗೆ ಉಬ್ಬಿಕೊಂಡಿದ್ದರೆ ಒಳಗಿನ ತಾಮ್ರ ಹಸಿರುಗಟ್ಟಿದೆ ಎಂದರ್ಥ. ಅಂಥ ಕೇಬಲ್ಲನ್ನು ಬದಲಿಸದೆ ಹೊಸ ಬ್ಯಾಟರಿ ಹಾಕುವುದು ವ್ಯರ್ಥ.

ಹೊಸದನ್ನು ಕೂರಿಸಿ, ಕೇಬಲ್ ಮುಟ್ಟಿಸುವ ಮೊದಲು ಪ್ಲಸ್ ಮೈನಸ್ ಗುರುತನ್ನು ಬೆರಳಿಟ್ಟು ಎರಡು ಬಾರಿ ಓದಿ. ಕೆಂಪು ಕೇಬಲ್ ಪ್ಲಸ್ಸಿಗೆ ಎಂದು ಬಣ್ಣವನ್ನಷ್ಟೇ ನಂಬಬೇಡಿ. ಹಿಂದೆ ಯಾರಾದರೂ ಎರಡಕ್ಕೂ ಕಪ್ಪು ಕೇಬಲ್ ಹಾಕಿರಬಹುದು. ಎಂಜಿನ್ ಮೈಗೆ ಹೋಗುವುದು ಮೈನಸ್, ಸೆಲ್ಫ್ ಮೋಟಾರಿಗೆ ಹೋಗುವುದು ಪ್ಲಸ್ ಎಂದು ಕೇಬಲ್ಲಿನ ಜಾಡು ಹಿಡಿದು ನೋಡಿ. ನಟ್ಟು ಬಿಗಿದ ಮೇಲೆ ಲಗ್ಗನ್ನು ಕೈಯಿಂದ ತಿರುಗಿಸಲು ನೋಡಿ, ಅಲುಗಬಾರದು. ಹಾಗೆಂದು ಬಲವೆಲ್ಲ ಹಾಕಿ ಬಿಗಿಯಬೇಡಿ, ಸೀಸದ ಕಂಬ ಮೆದು. ಪೆಟ್ರೋಲಿಯಂ ಜೆಲ್ಲಿಯನ್ನು ಬಿಗಿದ ನಂತರ ಹೊರಗಿನಿಂದ ಸವರಿ. ಕೊನೆಗೆ ಮೈನಸ್ ಮುಟ್ಟಿಸುವಾಗ ಚಿಕ್ಕ ಕಿಡಿ ಬಂದರೆ ಗಾಬರಿ ಬೇಡ, ಕಂಟ್ರೋಲರ್ ಎಚ್ಚರಗೊಳ್ಳುತ್ತಿದೆ. ಚಟಪಟನೆ ದೊಡ್ಡ ಕಿಡಿ ಹಾರಿದರೆ ಮಾತ್ರ ತಕ್ಷಣ ತೆಗೆದು, ಎಲ್ಲಿ ತಪ್ಪಾಗಿದೆ ಎಂದು ಹುಡುಕಿ. ಹಿಡಿದಿಡುವ ಪಟ್ಟಿಯನ್ನು ಹಾಕದೆ ಬಿಡಬೇಡಿ. ಎಂಜಿನ್ನಿನ ನಡುಕಕ್ಕೆ ಒಳಗಿನ ಪ್ಲೇಟುಗಳು ಉದುರುವುದು ಬ್ಯಾಟರಿಯ ಅಕಾಲ ಮರಣಕ್ಕೆ ದೊಡ್ಡ ಕಾರಣ.

ಈಗ ಬಂದ ದಾರಿಯಲ್ಲೇ ಹಿಂತಿರುಗಿ. ಚಾರ್ಜರ್ ಏರಿಸಿದಾಗ ವೋಲ್ಟೇಜ್ ಮೆಲ್ಲಗೆ 13 ದಾಟಬೇಕು. ಕೆಂಪು ಗುಂಡಿ ಬಿಡಿಸಿ, ಮ್ಯಾನುಯಲ್‌ನಲ್ಲಿ ಚಾಲೂ ಮಾಡಿ. ಎಂಜಿನ್ ಓಡುತ್ತಿರುವಾಗ 13.8ರಿಂದ 14.4ರ ನಡುವೆ ಇರಬೇಕು. ಓಡುತ್ತಿರುವಾಗ ಪರೀಕ್ಷೆಗೆಂದು ಕೇಬಲ್ ಬಿಚ್ಚುವ ಹಳೇ ಚಾಳಿ ಕೆಲವರಲ್ಲಿದೆ, ಆ ಒಂದು ಕ್ಷಣದಲ್ಲಿ ಏರುವ ವೋಲ್ಟೇಜಿಗೆ ಕಂಟ್ರೋಲರ್ ಸತ್ತೇ ಹೋಗಬಹುದು. ಶೆಡ್ಡಿನ ಬಾಗಿಲನ್ನು ಮಳೆಯೆಂದು ಮುಚ್ಚಿಕೊಂಡು ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ. ಎಲ್ಲ ಸರಿಯಿದ್ದರೆ ‘ಆಟೋ’ಗೆ ತಂದು, ಮನೆಯ ಮುಖ್ಯ ಬ್ರೇಕರನ್ನು ಇಳಿಸಿ ನೋಡಿ, ಲೈನು ಹೋದಾಗ ಅದು ತಾನಾಗಿ ಏಳುತ್ತದೆಯೇ ಎಂಬುದು ನಿಮಗೆ ಬೇಕಾದ ಉತ್ತರ. ಕಂಟ್ರೋಲರಿನ ಗಡಿಯಾರ ಮತ್ತು ವಾರದ ಪರೀಕ್ಷಾ ಓಟದ ಸಮಯ ಅಳಿಸಿಹೋಗಿದ್ದರೆ ಮತ್ತೆ ಹೊಂದಿಸಿ.

ಮುಂದಿನ ಬಾರಿ ಈ ಪರೀಕ್ಷೆಗಳನ್ನೆಲ್ಲ ಹೂ ಮಳೆ ಮುಗಿದು ಮುಂಗಾರು ಹಿಡಿಯುವ ಮುನ್ನ, ಅಂದರೆ ಮೇ ತಿಂಗಳಲ್ಲೇ ಮಾಡಿ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್‌ಗಳು ಬಿದ್ದ ಮರಗಳ ನಡುವೆ ಹೆಣಗುತ್ತಿರುವಾಗ ಬ್ಯಾಟರಿ ಅಂಗಡಿಯವರಿಗೂ ಮೆಕ್ಯಾನಿಕ್‌ಗೂ ಪುರುಸೊತ್ತು ಇರುವುದಿಲ್ಲ. ನಿಮ್ಮದು ಮುಚ್ಚಳ ತೆರೆಯುವ ಬ್ಯಾಟರಿಯಾದರೆ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿಯ ನೀರೂ ಬೇಡ, ಆಸಿಡ್ಡೂ ಬೇಡ. ಮುಚ್ಚಿದ ಬ್ಯಾಟರಿಯ ಮೇಲಿರುವ ಹಸಿರು ಕಣ್ಣು ಆರು ಸೆಲ್‌ಗಳಲ್ಲಿ ಒಂದರ ಸ್ಥಿತಿಯನ್ನಷ್ಟೇ ಹೇಳುತ್ತದೆ, ಆದ್ದರಿಂದ ಮೀಟರಿನ ಮಾತೇ ಪ್ರಮಾಣ.

ಸೋಲಾರ್ ಬೇಲಿಯ ವಿಚಾರ. ಬೇಲಿಯ ತಂತಿಗೆ ಶಾಕ್ ಕಳಿಸುವ ಎನರ್ಜೈಸರ್ ಎಳೆಯುವ ಕರೆಂಟು ಕಡಿಮೆಯಾದ್ದರಿಂದ, ಎಂಜಿನ್ ತಿರುಗಿಸಲಾರದ ಬ್ಯಾಟರಿಯೂ ಅಲ್ಲಿ ಕೆಲವು ದಿನ ‘ಟಿಕ್ ಟಿಕ್’ ಅನ್ನಿಸೀತು. ಆದರೆ ಪ್ರತಿ ರಾತ್ರಿ ಇಳಿದು ಹಗಲು ಏರುವ ಕೆಲಸಕ್ಕೆ ಈ ತೆಳು ಪ್ಲೇಟುಗಳು ಹೇಳಿ ಮಾಡಿಸಿದವಲ್ಲ, ಒಂದು ಸೆಲ್ ಸತ್ತಿದ್ದರಂತೂ ಪ್ರಶ್ನೆಯೇ ಇಲ್ಲ. ಮೋಡ ಮುಚ್ಚಿ ಪ್ಯಾನೆಲ್ಲಿಗೆ ಬಿಸಿಲು ಬೀಳದ ವಾರದಲ್ಲಿ ಅದು ಮೊದಲು ಕೈಕೊಡುತ್ತದೆ, ಆ ರಾತ್ರಿ ಬೇಲಿ ಸತ್ತಿದೆಯೆಂದು ನಿಮಗಿಂತ ಮೊದಲು ಆನೆಗೆ ತಿಳಿಯುತ್ತದೆ. ಹಳೆಯದನ್ನು ಹೊಸದರ ಅಂಗಡಿಗೇ ಒಯ್ಯಿರಿ; ಅದರೊಳಗಿನ ಸೀಸಕ್ಕೆ ಬೆಲೆಯಿದೆ, ಅದನ್ನು ಬಿಲ್ಲಿನಲ್ಲಿ ಕಳೆದುಕೊಡುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಡನೆ ಬಿಸಾಡುವಂತಿಲ್ಲ. ಗುಜರಿಯವರು ಮನೆ ಬಾಗಿಲಿಗೆ ಬಂದು ನೂರಿನ್ನೂರು ಹೆಚ್ಚು ಕೊಡುತ್ತೇನೆಂದರೂ ಕೊಡಬೇಡಿ; ಒಳಗಿನ ಆಸಿಡನ್ನು ಅವರು ಚೆಲ್ಲುವುದು ರಸ್ತೆ ಬದಿಯ ತೋಡಿಗೆ. ಕೊಂಡೊಯ್ಯುವಾಗ ಪಿಕಪ್‌ನ ಹಿಂಭಾಗದಲ್ಲಿ ನೆಟ್ಟಗೆ ನಿಲ್ಲಿಸಿ, ಎರಡೂ ಟರ್ಮಿನಲ್‌ಗಳಿಗೆ ಟೇಪ್ ಸುತ್ತಿ, ಉರುಳದಂತೆ ಹಗ್ಗ ಕಟ್ಟಿ.